ಮೀರಾಸಾಬರ ನಾಲ್ಕು ಕ್ಯಾಸೆಟ್ಟುಗಳು

ಸೈನ್ಯದ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿ ನಿವೃತ್ತರಾದ ಖಾನಾಪುರದ ಮೀರಾಸಾಬರ ಮನೆಗೆ ಹೋದವರಿಗೆ ಚಹಾಕ್ಕಿಂತ ಮೊದಲು ಕ್ಯಾಸೆಟ್ ಸಿಗುತ್ತದೆ. "ಕುಂದರ್ರಿ, ಮೊದಲ ಕೇಳ್ರಿ." ಇನ್ನೂರು ವರ್ಷಗಳ ಹಿಂದೆ ಯುರೋಪಿನಲ್ಲಿ ಎಂಟು ಊದುವಾದ್ಯಗಳಿಗೆಂದೇ ರಚಿಸಿದ ಒಂದೇ ಕೃತಿ, ಅದನ್ನು ನುಡಿಸಿದ ತಂಡಗಳು ನಾಲ್ಕು. ಊರೆಲ್ಲ ಸೀಡಿಗೆ ಹೋದರೂ ಇವರು ಈ ಕ್ಯಾಸೆಟ್ಟುಗಳನ್ನೇ ಹಾಕಿ ಹೋಲಿಸುತ್ತಾರೆ. "ಜರ್ಮನಿಯವರು ಕವಾಯತು ಮಾಡ್ಯಾರ, ಲಂಡನ್ನಿನವರು ನಿದ್ದಿಗಣ್ಣಾಗ ಊದ್ಯಾರ." ಪ್ರಾಗ್‌ನವರ ಕ್ಯಾಸೆಟ್ಟಿನಲ್ಲಿ ನಿಧಾನದ ಭಾಗಕ್ಕೆ ಮುಂಚೆ ವಾದಕನೊಬ್ಬ ಸೊರ್ರನೆ ಉಸಿರೆಳೆಯುವುದು ಕೇಳಿಸುತ್ತದೆ. ಆಗ ಮೀರಾಸಾಬರು ಕೈಯೆತ್ತಿ, ಒಳಗೆ ಮಿಕ್ಸಿ ತಿರುಗಿಸುವ ಹೆಂಡತಿ ನಜ್ಮುನ್ನಿಸಾರನ್ನೂ ನಿಲ್ಲಿಸಿ, ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಅದನ್ನೇ ಕೇಳುತ್ತಾರೆ. ನಾಲ್ಕನೆಯದು ಬೆಳಗಾವಿಯಲ್ಲಿ ಧ್ವನಿಮುದ್ರಿಸಿದ ಇವರದೇ ತಂಡದ್ದು. ಅದರಲ್ಲಿ ಒಂದೂ ತಪ್ಪಿಲ್ಲ, ಆದರೆ ಅದನ್ನು ಇವರು ಹಾಕುವುದೇ ಇಲ್ಲ. ಯಾಕೆಂದು ಒಮ್ಮೆ ಕೇಳಿಬಿಟ್ಟೆ. "ನಮ್ಮ ತಂಡದಾಗ ಊದ್ತಿದ್ದ ಸಾತಪ್ಪನ ಉಸಿರು ಭಾಳ ಸಪ್ಪಳ ಮಾಡ್ತಿತ್ರೀ. ರೆಕಾರ್ಡಿಂಗ್ ದಿನ ನಾನೇ ಅವನ್ನ ಹೊರಗ ಕುಂದರಿಸಿ ಬ್ಯಾರೆಯವನ್ನ ಕರಸಿದ್ನಿ. ಹ್ವಾದ ವರ್ಷ ಅವನ ಮಣ್ಣಿಗೆ ಹೋಗಿ ಬಂದ್ನಿ." ಬೆರಳು ಮತ್ತೆ ಪ್ರಾಗ್‌ನ ಟೇಪಿನ ಗುಂಡಿಗೆ ಹೋಯಿತು. "ತಡೀರಿ, ಇನ್ನೊಮ್ಮೆ ಕೇಳೂಣು. ಖರೇ ಹಿಂಗ ಉಸಿರು ಎಳೀತಿದ್ದ."