ತಿರುವಿನಲ್ಲಿ ಮಾತ್ರ ಬರುವ ಸಪ್ಪಳ

ನನ್ನ ಕಾರಿಗೆ ಒಂದು ಚಾಳಿ ಇತ್ತು. ನೆಟ್ಟಗಿನ ರಸ್ತೆಯಲ್ಲಿ ಸಾಧು. ಸ್ಟಿಯರಿಂಗ್ ತಿರುಗಿಸಿದರೆ ಸಾಕು, ಮುಂದಿನ ಗಾಜಿನ ಕೆಳಗೆಲ್ಲೋ ಗುಡುಗುಡು ಎಂದು ಏನೋ ಉರುಳಿ, ಕೊನೆಗೆ ಟಕ್ ಎಂದು ಬಡಿದು ಸುಮ್ಮನಾಗುತ್ತಿತ್ತು. ಎಡಕ್ಕೆ ತಿರುಗಿದರೆ ಬಲಕ್ಕೆ ಉರುಳುವುದು, ಬಲಕ್ಕೆ ತಿರುಗಿದರೆ ಎಡಕ್ಕೆ. ಆಳಂದದಿಂದ ಅಫಜಲಪುರ ಮುಟ್ಟುವಷ್ಟರಲ್ಲಿ ನನ್ನ ತಲೆ ಕೆಟ್ಟು ಗೊಬ್ಬರವಾಗಿರುತ್ತಿತ್ತು.

ಹಳೆಯ ಕಾರು, ಸಪ್ಪಳ ಮಾಡುವುದು ಅದರ ಹಕ್ಕು ಎನ್ನಬಹುದು. ಆದರೆ ಇದು ಇಜೇರಿಯ ಮಾವನ ಕಾರು. ಮಾವ ಎಂದರೆ ನನ್ನ ಅಕ್ಕನ ಗಂಡ. ಕಣ್ಣು ಮಂಜಾಗಿ, ಇನ್ನು ಗಾಡಿ ಓಡಿಸಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಆ ಬೇಸಿಗೆಯಲ್ಲಿ ನನಗೆ ಕೊಟ್ಟಿದ್ದರು. ಕೊಡುವಾಗ ಬಾನೆಟ್ ಮೇಲೆ ಕೈಯಿಟ್ಟು, "ಒಂದು ಸಪ್ಪಳ ಬಂತಂದ್ರ ನನ್ನ ಮೀಸಿ ತೆಗಸ್ತೇನಿ" ಎಂದಿದ್ದರು. ಎತ್ತಿನ ವ್ಯಾಪಾರವಿರಲಿ, ಮದುವೆ ಮಾತುಕತೆಯಿರಲಿ, ಮಾವ ಒಂದು ಮಾತು ಹೇಳಿದರೆ ಆ ಊರಲ್ಲಿ ಯಾರೂ ಸಾಕ್ಷಿ ಕೇಳುವುದಿಲ್ಲ. ಈಗ ಆ ಮಾತನ್ನು ನಂಬಬೇಕೋ ನನ್ನ ಕಿವಿಯನ್ನು ನಂಬಬೇಕೋ ತಿಳಿಯದಾಯಿತು.

ಹೆಂಡತಿಗೆ ಅಂಥ ಗೊಂದಲವಿರಲಿಲ್ಲ. "ನಿಮ್ಮ ಮಾವಾರಿಗೆ ಮೀಸಿ ತೆಗಸಾಕ ಹೇಳ್ರಿ," ಎಂದು ದಿನಾ ಚುಚ್ಚುತ್ತಿದ್ದಳು. ಮಿಸ್ತ್ರಿ ಕಾರಿನ ಕೆಳಗೆ ಮಲಗಿ ಬುಷ್ ಬದಲಿಸಿದ, ಶಾಕಪ್ ಬದಲಿಸಿದ. ಸಪ್ಪಳ ಬದಲಾಗಲಿಲ್ಲ. ನರೋಣಾದ ದಾರಿಯಲ್ಲಿ ಕೈ ಮಾಡಿದವರನ್ನೆಲ್ಲ ಹತ್ತಿಸಿಕೊಂಡು, ಸ್ವಲ್ಪ ಕಿವಿಗೊಟ್ಟು ಕೇಳಿ ಎಂದು ಅಂಗಲಾಚಿದೆ. ಒಬ್ಬರು ಇಲಿ ಎಂದರು. ಇನ್ನೊಬ್ಬರು ಕಣ್ಣು ಮುಚ್ಚಿ ಬಹಳ ಹೊತ್ತು ಆಲಿಸಿ, "ಹಳೀ ಗಾಡಿ ಹಿಂಗೇ ಇರ್ತದ ಬಿಡ್ರಿ" ಎಂದು ತಮ್ಮೂರು ಬಂದಾಗ ಇಳಿದುಹೋದರು. ನನ್ನ ಸಿಟ್ಟು ನೆತ್ತಿಗೇರಿತು. ಮಳೆ ನಿಂತು ಹೊಳವಾದ ಒಂದು ಮುಂಜಾನೆ ಸೀದಾ ಇಜೇರಿಗೆ ಹೊರಟೆ.

ಚಹಾ ಕೂಡ ಮುಟ್ಟದೆ ಮಾವನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಊರಿಗೊಂದು ಸುತ್ತು ಹಾಕಿದೆ. ಮೊದಲ ತಿರುವಿಗೇ ಗುಡುಗುಡು, ಟಕ್.

"ಕೇಳಿದ್ರ್ಯಾ ಮಾವಾರ?"

ಮಾವನ ಮುಖ ಸಣ್ಣದಾಯಿತು. ಅಂಗಳಕ್ಕೆ ಬಂದು ಇಳಿದ ಮೇಲೆ, "ನನ್ನ ಕೈಯಾಗ ಇದ್ದಾಗ ಇದು ಇರ್ಲಿಲ್ಲ ತಮ್ಮಾ. ಆದ್ರ ಈಗ ಹ್ಯಾಂಗ ಹೇಳ್ಲಿ? ಗಾಡಿ ಇಲ್ಲೇ ಬಿಟ್ಟು ಹೋಗು," ಎಂದರು. ಗೆದ್ದೆ ಎಂದುಕೊಂಡಿದ್ದ ನನಗೆ ಯಾಕೋ ಕಸಿವಿಸಿಯಾಯಿತು.

ಬಾಗಿಲಲ್ಲಿ ನಿಂತಿದ್ದ ಅಕ್ಕ, "ಅಡಿಕಿ ಉರುಳಿದ್ದಕ್ಕ ಇಷ್ಟ್ಯಾಕ ಜಗಳ?" ಎಂದಳು.

"ಯಾವ ಅಡಿಕಿ?"

"ನೀ ಗಾಡಿ ಒಯ್ಯೋ ದಿನ ಉಡಿ ತುಂಬಿದ್ನೆಲ್ಲ, ಆ ಅಡಿಕಿ. ಇಷ್ಟು ವರ್ಷ ಮನ್ಯಾಗ ಇದ್ದಾಕಿ. ಬರೀ ಉಡೀಲೆ ಹ್ಯಾಂಗ ಕಳಿಸ್ಲಿ?"

ಮನೆಯ ಹೆಣ್ಣುಮಗಳು ಹೊರಟು ನಿಂತಾಗ ಅವಳ ಸೆರಗಿನೊಳಗೆ ಗೋಧಿ, ಅಡಿಕೆ, ಅರಿಸಿನ ಕೊಂಬು, ಉತ್ತತ್ತಿ ಹಾಕಿ ಕಳಿಸುವುದು ನಮ್ಮ ಕಡೆಯ ರೂಢಿ. ಕಾರಿಗೆ ಸೆರಗು ಎಲ್ಲಿಂದ ಬರಬೇಕು? ಅಕ್ಕ ಗಾಡಿಯ ಸುತ್ತ ಹುಡುಕಿ, ವೈಪರಿನ ಬುಡದಲ್ಲಿ ಜಾಲರಿ ಮುರಿದಿದ್ದ ಸಂದು ಕಂಡು, ಉಡಿ ಇದೇ ಎಂದು ತೀರ್ಮಾನಿಸಿ, ಕುಂಕುಮ ಹಚ್ಚಿ ಎಲ್ಲವನ್ನೂ ಸುರಿದಿದ್ದಳು. ನಾನೂ ಮಾವನೂ ಆಗ ಒಳಗೆ ಊಟಕ್ಕೆ ಕೂತಿದ್ದೆವು.

ಜಾಲರಿ ಬಿಚ್ಚಿದೆವು. ಐದು ಅಡಿಕೆ, ಅರಿಸಿನ ಕೊಂಬು, ಉಬ್ಬಿದ ಉತ್ತತ್ತಿ. ಮೂಲೆಯಲ್ಲಿ ಮಳೆನೀರು ಕುಡಿದ ಗೋಧಿ ಮೊಳಕೆಯೊಡೆದು ಹಸಿರಾಗಿತ್ತು. ಬಿದ್ದು ಬಿದ್ದು ನಕ್ಕೆ. ಅಕ್ಕ, "ನಗಬ್ಯಾಡ, ತುಂಬಿದ ಉಡಿ ತೆಗದೀದಿ" ಎಂದು ಗದರಿ ಅಡಿಕೆಗಳನ್ನು ಆರಿಸಿಕೊಂಡಳು.

ಮಾವ ಮಾತ್ರ ನಗಲಿಲ್ಲ. "ಈಗ ನಡಿ," ಎಂದು ಮತ್ತೆ ಬಂದು ಕೂತರು. ಊರಿನ ಒಂದು ತಿರುವನ್ನೂ ಬಿಡಲಿಲ್ಲ. ಗಾಡಿ ಪಿಟ್ಟೆನ್ನಲಿಲ್ಲ.

"ನಾ ಹೇಳಿದ್ದು ಖರೇ ಇತ್ತಲ್ಲ?"

"ಖರೇರಿ ಮಾವಾರ. ನಂದೇ ತಪ್ಪಾತು."

ಮಾವ ತಲೆಯಾಡಿಸಿದರು. ಮನೆ ಹತ್ತಿರ ಬಂದಿತೆಂದು ಗಾಡಿ ನಿಧಾನ ಮಾಡಿದೆ. ಮಾವ ಕಿಟಕಿಯಾಚೆ, ತಮಗೆ ಸರಿಯಾಗಿ ಕಾಣದ ತೊಗರಿ ಹೊಲಗಳ ಕಡೆ ಮುಖ ಮಾಡಿ, "ಇನ್ನೊಂದು ಸುತ್ತು ನೋಡೂಣು. ಮತ್ತ ಸಪ್ಪಳ ಬಂದಗಿಂದೀತು," ಎಂದರು.

ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಮನೆಯ ಮುಂದೆ ನಿಲ್ಲಿಸದೆ ಊರು ದಾಟಿ, ಬಹುದೂರ ಒಂದು ತಿರುವೂ ಇಲ್ಲದ ರಸ್ತೆಗೆ ಗಾಡಿ ಬಿಟ್ಟೆ.