ಬಿಳಿ ಕಾಣುವವರೆಗೆ ಕೆಂಪು ಬಿಡಬಾರದು

ಕಾಲುವೆಯ ಮೇಲ್ಗಡೆ ಮೈದುನನ ಬಟ್ಟೆಗೆ ಬಣ್ಣ ಹಾಕುವ ಷೆಡ್ಡು, ಕೆಳಗಡೆ ಅತ್ತಿಗೆಯ ಬಟ್ಟೆ ಒಗೆಯುವ ಕಟ್ಟೆ. ಅಣ್ಣ ತೀರಿಕೊಂಡ ಮೇಲೆ ನೆಲವೇನೋ ಪಾಲಾಯಿತು. ನೀರನ್ನು ಪಾಲು ಮಾಡುವುದು ಹೇಗೆಂದು ಯಾರಿಗೂ ಹೊಳೆಯಲಿಲ್ಲ. ಒಂದು ಬೆಳಿಗ್ಗೆ ಇವನು ಬಟ್ಟೆ ಜಾಲಿಸಿದ ಕೆಂಪು ನೀರು ಅವಳು ಒಗೆಯುತ್ತಿದ್ದ ಆಸ್ಪತ್ರೆಯ ಬಿಳಿ ಹೊದಿಕೆಗಳಿಗೆ ಹತ್ತಿತು. ಅತ್ತಿಗೆ ಬಾಯಿಗೆ ಬಂದಂತೆ ಬೈದಳು. ಇವನೇನು ಬಾಯಿಗೆ ಬೀಗ ಹಾಕಿಕೊಂಡಿರಲಿಲ್ಲ. ಕೊನೆಗೆ ಅವಳೇ ಕಟ್ಟುಪಾಡು ಹಾಕಿದಳು: “ನನ್ನ ತಂತಿ ಮೇಲೆ ಬಿಳಿ ಕಾಣೋವರೆಗೂ ನೀನು ಕೆಂಪು ಬಿಡಬಾರದು. ಕಂಡ ಮೇಲೆ ಸಂಜೆವರೆಗೂ ನೀರು ನಿಂದು.”

ಆಮೇಲೆ ವರ್ಷಗಟ್ಟಲೆ ಮಾತಿಲ್ಲ ಕತೆಯಿಲ್ಲ. ಆದರೂ ದಿನಾ ಬೆಳಿಗ್ಗೆ ಅವನು ಹಂಡೆಯ ಹಬೆಯಾಚೆ ಕಣ್ಣು ಕಿರಿದು ಮಾಡಿ ಕೆಳಗೆ ನೋಡುತ್ತಿದ್ದ. ಮಂಜಿನೊಳಗೆ ಮೊದಲ ಹೊದಿಕೆ ಮೆಲ್ಲಗೆ ಬಿಚ್ಚಿಕೊಂಡಾಗಲೇ ಅವನಿಗೆ ಬೆಳಗಾದಂತೆ. ಆಮೇಲೆ ಕೆಂಪು ಸದ್ದಿಲ್ಲದೆ ಇಳಿದು, ಅವಳ ಕಟ್ಟೆ ದಾಟಿ, ತೆಳುವಾಗುತ್ತಾ ಎಲ್ಲಿಗೋ ಹೋಗುತ್ತಿತ್ತು. ಜಗಳವೂ ಅದರ ಜೊತೆಗೇ ಹೋಯಿತೇನೋ ಎಂದು ಅವನಿಗೆ ಅನಿಸುತ್ತಿತ್ತು. ಹೋಗಿ ಮಾತಾಡಿಸಿದನೇ? ಇಲ್ಲ, ಮಹಾ ಮೊಂಡ.

ಅವತ್ತು ಸೂರ್ಯ ನೆತ್ತಿಗೆ ಬಂದರೂ ತಂತಿ ಬರಿದಾಗಿತ್ತು. ಹಂಡೆಯಿಂದ ತೆಗೆದ ಬಟ್ಟೆಯನ್ನು ಜಾಲಿಸದೆ ಬಿಟ್ಟರೆ ಕಲೆಕಲೆಯಾಗಿ ಒಣಗುತ್ತದೆ. ಅಷ್ಟು ದಿನದ ದುಡಿಮೆ ಮಣ್ಣುಪಾಲು. ಅವನು ಕಾದ. ಬಟ್ಟೆ ಕಲೆಗಟ್ಟಿತು. ಸಿಟ್ಟಿನಿಂದ ದಡ ಹಿಡಿದು ದಡದಡ ಇಳಿದು ಹೋದ.

ಅತ್ತಿಗೆ ಒದ್ದೆ ಹೊದಿಕೆಗಳ ರಾಶಿಯ ಮುಂದೆ ಕೈಚೆಲ್ಲಿ ಕೂತಿದ್ದಳು.

“ಯಾರದು?” ಅಂದಳು. ಎದುರಿಗೇ ನಿಂತವನನ್ನು ಕೇಳುತ್ತಿದ್ದಾಳೆ! ಅವನ ಸಿಟ್ಟು ಜರ್ರನೆ ಇಳಿಯಿತು.

“ನಾನು, ಅತ್ತಿಗೆ.”

“ನೀನಾ? ಕಣ್ಣು ಮಂಜಾಗಿದೆ ಕಣೋ. ಬಟ್ಟೆಗೆ ಕೆಂಪು ಹತ್ತಿದೆಯೋ ಇಲ್ವೋ ಗೊತ್ತಾಗ್ತಿಲ್ಲ. ಒಂದು ಕಲೆ ಕಂಡ್ರೂ ಆಸ್ಪತ್ರೆಯವರು ಇನ್ನು ಕೆಲಸ ಕೊಡಲ್ಲ. ಯಾರನ್ನ ಕೇಳಲಿ? ನಿನ್ನ ಕೇಳಿದ್ರೆ, ನೀರು ಬೇಗ ಸಿಗಲಿ ಅಂತ, ಬೆಳ್ಳಗಿದೆ ಅಂತಲೇ ಹೇಳ್ತೀಯ.”

ಅವನು ಕೈಯನ್ನು ಅಂಗಿಗೆ ಒರೆಸಿಕೊಂಡು, ಒಂದೊಂದೇ ಹೊದಿಕೆಯನ್ನು ಬಿಸಿಲಿಗೆ ಹಿಡಿದು ನೋಡಿದ. ಬಿಳಿ, ಮತ್ತೆ ಬಿಳಿ. ಸುತ್ತಲಿನ ದಡ, ಕಾಲುವೆ, ತಾನು, ಎಲ್ಲ ಅದರೊಳಗೆ ಕರಗಿಹೋದಂತೆ ಅನಿಸಿತು. ಕೊನೆಯ ಹೊದಿಕೆಯ ಅಂಚಿನಲ್ಲಿ ಮಾತ್ರ ತೆಳುವಾದ ಕೆಂಪು. ಅವಳಿಗಂತೂ ಕಾಣುವಂತಿರಲಿಲ್ಲ.

“ಇದೊಂದರ ಅಂಚಲ್ಲಿ ಕಲೆಯಿದೆ, ಅತ್ತಿಗೆ. ಈಗ ತಾನೇ ಹತ್ತಿದ್ದು. ನನ್ನ ಕೈಯದ್ದೇ.”

ಅವಳು ಕೈ ಚಾಚಿದಳು.

“ಅದನ್ನ ಇಲ್ಲಿ ಕೊಡು, ಇನ್ನೊಂದ್ಸಲ ಒಗೀತೀನಿ. ಉಳಿದದ್ದನ್ನ ನೀನೇ ತಂತಿಗೆ ಹಾಕು. ಮೊದಲು ಕೈ ಸರಿಯಾಗಿ ತೊಳ್ಕೊ.”