ಮೂವತ್ತು ಅಂಗಿಯ ಅರವತ್ತು ತೋಳು

ಆಗ ನನಗೆ ಹತ್ತೊಂಬತ್ತು. ಇದಾಗಿ ಅರವತ್ತೆಂಟು ವರ್ಷ ಕಳೆದಿದೆ. ಕೂಡಿಸಿ ನನ್ನ ವಯಸ್ಸು ತಿಳಿದುಕೊಳ್ಳುವವರು ತಿಳಿದುಕೊಳ್ಳಲಿ, ನನಗೇನೂ ನಾಚಿಕೆಯಿಲ್ಲ.

ಮೊನ್ನೆ ಟಿವಿಯಲ್ಲಿ ಮಿಲಿಟ್ರಿಯವರು ಸಾಲಾಗಿ ನಡೆಯುತ್ತಿದ್ದರು. ಕೆಲವರ ಅಂಗಿ ತೋಳು ಮೇಲಕ್ಕೆ ಮಡಚಿತ್ತು, ಕೆಲವರದು ಮುಂಗೈವರೆಗೂ ಇಳಿದಿತ್ತು. "ಯಾಕಜ್ಜಿ ಹಿಂಗೆ, ತೋಳು ಮಡಚೋಕೆ ಎಲ್ರಿಗೂ ಬಿಡಲ್ವಾ?" ಅಂದಳು ಮೊಮ್ಮಗಳು. ನನಗೆ ನಗು ತಡೆಯಲಿಲ್ಲ. ಬಾಯಲ್ಲಿ ಹೇಳಿದರೆ ಅವಳು ಅರ್ಧಕ್ಕೇ ಫೋನು ನೋಡಿಕೊಂಡು ಎದ್ದು ಹೋಗುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ತಪ್ಪಿದ್ದರೆ ಸರಿ ಮಾಡಿಕೊಂಡು ಓದಿ.

ನಮ್ಮದು ಬಟ್ಟೆ ಒಗೆಯುವ ಮನೆತನ. ಕೆಂಗೇರಿ ಹತ್ತಿರ ವೃಷಭಾವತಿ ಹೊಳೆ ದಂಡೆಯಲ್ಲಿ ಮನೆ. ಈಗ ಆ ಹೊಳೆಯ ಹೆಸರು ಹೇಳಿದರೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ. ಆಗ ಮೇಲ್ಗಡೆ ಕುಡಿಯುವ ನೀರು ತುಂಬಿಕೊಳ್ಳುತ್ತಿದ್ದೆವು, ಕೆಳಗಡೆ ಒಗೆಯುತ್ತಿದ್ದೆವು.

ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಇಸ್ತ್ರಿ ಪೆಟ್ಟಿಗೆ ಅತ್ತೆಯದು, ಒಗೆಯುವ ಬಂಡೆ ಸೊಸೆಯದು. ನಮ್ಮತ್ತೆಗೂ ಅವರತ್ತೆ ಹಾಸಿಗೆ ಹಿಡಿದ ಮೇಲೆಯೇ ಪೆಟ್ಟಿಗೆ ಸಿಕ್ಕಿದ್ದು. ಮದುವೆಯಾಗಿ ಮೂರು ವರ್ಷ ನಾನು ಮೊಣಕಾಲುದ್ದ ನೀರಲ್ಲಿ ನಿಂತು ಬಂಡೆ ಬಡಿದೆ. ಚಳಿಗಾಲದಲ್ಲಿ ಕಾಲ್ಬೆರಳ ಸಂದು ಬಿರಿದು ರಕ್ತ ಬರುತ್ತಿತ್ತು. ಪೆಟ್ಟಿಗೆಯೋ, ಹೊಟ್ಟೆ ತುಂಬ ಕೆಂಡ ಇಟ್ಟುಕೊಂಡು ಬೆಚ್ಚಗಿರುತ್ತಿತ್ತು. ನನಗೆ ಬಂಗಾರದ ಆಸೆ ಇರಲಿಲ್ಲ, ಆ ಪೆಟ್ಟಿಗೆ ಆಸೆ ಇತ್ತು.

ಆ ವರ್ಷ ದೀಪಾವಳಿ ಕಳೆದ ವಾರ ಅತ್ತೆ ಹೊಳೆ ದಂಡೆಯಲ್ಲಿ ಜಾರಿ ಬಲಗೈ ಉಳುಕಿಸಿಕೊಂಡರು. ಸೊಪ್ಪು ಅರೆದು ಹಾಕಿ ಬಟ್ಟೆ ಕಟ್ಟಿದ್ದಾಯಿತು. ಪೆಟ್ಟಿಗೆ ನನ್ನ ಕೈಗೆ ಬಂತು.

"ನನ್ನ ಕೈ ವಾಸಿ ಆಗೋಗಂಟ ಅಷ್ಟೇಯ," ಅಂದರು ಅತ್ತೆ. "ಯಾರದಾದ್ರೂ ಒಂದು ಬಟ್ಟೆ ಕೆಡ್ಸಿದ್ಯೋ, ನಾನು ಸಾಯೋಗಂಟ ನೀನು ಬಂಡೆ ಹತ್ರಾನೇ."

ಅತ್ತೆ ಗಟ್ಟಿ ಆಳು. ಇನ್ನೂ ನಲವತ್ತು ವರ್ಷ ಬದುಕುವ ಹಾಗೆ ಕಾಣುತ್ತಿದ್ದರು. ಬದುಕಿದರು ಕೂಡ.

ಅದೇ ಸಮಯಕ್ಕೆ ಮೈಸೂರು ರಸ್ತೆ ಪಕ್ಕದ ಬಯಲಲ್ಲಿ ಮಿಲಿಟ್ರಿಯವರು ಡೇರೆ ಹಾಕಿದರು. ಹವಾಲ್ದಾರನೂ ಸೇರಿ ಮೂವತ್ತು ಜನ ಸಿಪಾಯಿಗಳು, ಏನೋ ತಾಲೀಮಂತೆ. ಒಬ್ಬೊಬ್ಬನಿಗೆ ಎರಡು ಜೊತೆ ಬಟ್ಟೆ. ಒಂದು ಮೈಮೇಲೆ, ಒಂದು ನಮ್ಮ ಮನೆಯಲ್ಲಿ. ಅವರ ಹವಾಲ್ದಾರ ಮಂಡ್ಯ ಕಡೆಯವನು, ಮೀಸೆಗೆ ಎಣ್ಣೆ ಹಚ್ಚುತ್ತಿದ್ದ. ಒಂದು ದಿನ ಒಗೆದ ಅಂಗಿ ಒಯ್ಯಲು ಬಂದವನು ಜಗುಲಿ ಮೇಲೆ ಕೂತು ತಲೆ ಚಚ್ಚಿಕೊಂಡ.

"ಅಮ್ಮಾ, ಈ ತೋಳಿನ ಕಾಟ ಸಾಕಾಗೋಗದೆ. ಮೊಣಕೈಯಿಂದ ನಾಕು ಬೆರಳು ಮೇಲಕ್ಕೆ ಮಡಚ್ರೋ ಅಂದ್ರೆ ಒಬ್ಬಂದು ಭುಜಕ್ಕೆ ಹೋಯ್ತದೆ, ಒಬ್ಬಂದು ಜಾರಿ ಕೆಳಕ್ಕೆ ಬತ್ತದೆ. ನೀವೇ ಮಡಚಿ ಇಸ್ತ್ರಿ ಹಾಕ್ಕೊಟ್ರೆ ಪುಣ್ಯ ಬತ್ತದೆ."

"ತೋಳು ಮಡಚಿ ಇಸ್ತ್ರಿ ಹಾಕಿದ್ದು ನಮ್ಮ ವಂಶದಲ್ಲೇ ಇಲ್ಲ," ಅಂದರು ಅತ್ತೆ.

ನನ್ನ ಗಂಡ ಬೀಡಿ ಹಚ್ಚುತ್ತಾ, "ಅಲ್ಲ ಹವಾಲ್ದಾರ್ರೇ, ಗುಂಡು ಹಾರಿಸೋಕೆ ಬಂದೋನು ನಿಮ್ ತೋಳಿನ ಮಡಿಕೆ ಎಣಿಸ್ತಾನಾ?" ಅಂದ.

"ವೈರಿ ಎಣಿಸಲ್ಲ ಕಣಪ್ಪ. ಸಾಹೇಬ್ರು ಎಣಿಸ್ತಾರೆ."

ನಾನು ಒಳಗಿನಿಂದಲೇ, "ನಾನು ಹಾಕ್ತೀನಿ, ಬಿಟ್ಟೋಗಿ," ಅಂದೆ. ಹಾಗಂದ ಮೇಲೆ ಹಿಂದೆಗೆಯುವುದು ಹೇಗೆ?

ಇಲ್ಲಿ ನಮ್ಮ ಕಸುಬಿನ ಒಂದು ಮಾತು ಹೇಳಬೇಕು. ಬಟ್ಟೆಗೆ ಗಂಜಿ ಹಾಕಿ, ಬಿಡಿಸಿ ಒಣಗಿಸಿ, ನೀರು ಚಿಮುಕಿಸಿ, ಆಮೇಲೆ ಮಡಚಿ ಇಸ್ತ್ರಿ ಹಾಕುವುದು ಕ್ರಮ. ಹಾಗೆ ಒಂದು ಅಂಗಿಗೆ ಹಾಕಿ ನೋಡಿದೆ. ಎತ್ತಿ ಅಲ್ಲಾಡಿಸಿದರೆ ಮಡಿಕೆ ಜೋಲು ಬಿತ್ತು. ಅತ್ತೆ ಮೂಲೆಯಿಂದ ನೋಡುತ್ತಲೇ ಇದ್ದರು. ನನಗೆ ಮೈ ಉರಿಯಿತು. ಪೇಟೆಯ ಲಾಯರುಗಳ ಕಾಲರಿಗೆ ಹಾಕುವ ಸಬ್ಬಕ್ಕಿ ಗಂಜಿಯನ್ನು ಅಂಟಿನಷ್ಟು ಗಟ್ಟಿಯಾಗಿ ಕಾಯಿಸಿದೆ. ತೋಳನ್ನು ಮೊದಲೇ ಮಡಚುತ್ತಾ, ಒಂದೊಂದು ಮಡಿಕೆಯ ಒಳಗೂ ಗಂಜಿ ಬಳಿದೆ, ಗೋಡೆಗೆ ಸಿನಿಮಾ ಪೋಸ್ಟರ್ ಅಂಟಿಸುವವನ ಹಾಗೆ. ಹಸಿ ಇರುವಾಗಲೇ ಪೆಟ್ಟಿಗೆ ಒತ್ತಿದೆ. ಚುಯ್ಯೆಂದು ಹಬೆ ಎದ್ದು ತೋಳು ಬೊಂಬಿನ ಹಾಗೆ ನಿಂತುಕೊಂಡಿತು.

"ಮಡಚಿದ್ ಮೇಲೆ ಗಂಜಿ ಹಾಕ್ಬಾರ್ದು ಕಣೇ," ಅಂದರು ಅತ್ತೆ.

"ನೋಡಿ, ಹೆಂಗೆ ನಿಂತೈತೆ," ಅಂದೆ.

"ನಿಂತೈತೆ. ಮತ್ತೆ ಕೂರಬೇಕಲ್ಲ?"

ನಾನು ಕೇಳಲಿಲ್ಲ. ಮೂವತ್ತು ಅಂಗಿ, ಅರವತ್ತು ತೋಳು, ಎರಡು ದಿನ.

ಬೆಳಗ್ಗೆ ಸಿಪಾಯಿಗಳು ಅವನ್ನು ಹಾಕಿಕೊಂಡು ನಿಂತರಂತೆ. ಅಳತೆ ಪಟ್ಟಿ ಇಟ್ಟು ಗೀಟು ಎಳೆದ ಹಾಗಿತ್ತಂತೆ. ಹವಾಲ್ದಾರ ಒಬ್ಬೊಬ್ಬನ ತೋಳು ಬೆರಳಲ್ಲಿ ಬಡಿದು ನೋಡಿ ಖುಷಿಪಟ್ಟನಂತೆ. ಆ ಖುಷಿ ಎಷ್ಟು ಹೊತ್ತು? ಅವತ್ತೇ ಹಳೆಯ ಸಾಹೇಬರು ಹೋಗಿ ಹೊಸ ಸಾಹೇಬರು ಬಂದಿದ್ದರು. ಹಳಬರು ತೋಳು ಮಡಚಿ ಅಂದಿದ್ದರು. ಹೊಸಬರು ಜೀಪಿನಿಂದ ಇಳಿದವರೇ, ಚಳಿಗಾಲ ಬಂತು, ತೋಳು ಇಳಿಸಿದರೆ ಸಿಪಾಯಿ, ಏರಿಸಿದರೆ ಹಮಾಲಿ, ಎಲ್ಲರೂ ಇಳಿಸಿ ಅಂದರಂತೆ.

ಮೂವತ್ತು ಜನ ಎಡಗೈಯಿಂದ ಬಲತೋಳು ಎಳೆದರು, ಬಲಗೈಯಿಂದ ಎಡತೋಳು ಎಳೆದರು. ಒಬ್ಬರದನ್ನು ಇನ್ನೊಬ್ಬರು ಎಳೆದರು. ಒಂದಿಂಚು ಕದಲಲಿಲ್ಲ. ಬೇರೆ ಅಂಗಿ ಹಾಕೋಣ ಅಂದರೆ ಅವೆಲ್ಲ ನಮ್ಮ ಹೊಳೆ ದಂಡೆಯಲ್ಲಿ ನೀರು ಸೋರುತ್ತಿದ್ದವು.

ನಾನು ಇದ್ದಿಲು ಒಡೆಯುತ್ತಿದ್ದೆ. ಧಡಧಡ ಸದ್ದು ಕೇಳಿ ನೋಡಿದರೆ ಮೂವತ್ತು ಸಿಪಾಯಿಗಳು ಹೊಳೆ ಕಡೆಗೆ ಓಡಿ ಬರುತ್ತಿದ್ದಾರೆ, ಮುಂದೆ ಹವಾಲ್ದಾರ.

"ತಾಯಿ, ಏನು ಹಾಕ್ಬಿಟ್ಟೆ ಇದಕ್ಕೆ? ಸಿಮೆಂಟಾ?"

"ಸಬ್ಬಕ್ಕಿ. ನೀರಲ್ಲಿ ನೆನೆದ್ರೆ ಬಿಟ್ಕೊತದೆ. ಅಂಗಿ ಬಿಚ್ಕೊಡಿ."

"ಬಿಚ್ಚೋ ಹುಕುಂ ಇಲ್ಲ. ಇಳಿಸೋ ಹುಕುಂ ಅಷ್ಟೇ ಇರೋದು."

"ಹಂಗಾದ್ರೆ ಕೂತ್ಕೊಳ್ಳಿ. ಮಡಿಕೆ ಮುಳುಗೋ ಹಂಗೆ ಕೈ ನೀರಿಗೆ ಬಿಡಿ."

ದಂಡೆಯುದ್ದಕ್ಕೂ ಸಿಪಾಯಿಗಳು ಕುಕ್ಕರುಗಾಲಲ್ಲಿ ಕೂತು, ಬಗ್ಗಿ, ಎರಡೂ ಕೈ ನೀರಿಗೆ ಬಿಟ್ಟರು. ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ನೀರಿಗೆ ಬಂದ ಹೆಂಗಸರು ಕೊಡ ಇಳಿಸಿ ನಿಂತರು. ಒಬ್ಬ ಮುದುಕಿ ಕಣ್ಣಿಗೆ ಕೈ ಅಡ್ಡ ಇಟ್ಟು ನೋಡಿ, "ಏನವ್ವಾ, ಮಿಲಿಟ್ರಿಯೋರು ಏಡಿ ಹಿಡೀತಾವ್ರಾ?" ಅಂದಳು. ಸಾಲಿನ ಕೊನೆಯಲ್ಲಿದ್ದ ಸಿಪಾಯಿಗೆ ನಗು ಬಂದು ಹಿಡಿತ ತಪ್ಪಿ ಪೂರ್ತಿ ನೀರಿಗೆ ಬಿದ್ದ. ಅವನ ತೋಳೇ ಮೊದಲು ಇಳಿದದ್ದು.

ಅತ್ತೆ ಬಟ್ಟೆ ಸುತ್ತಿದ ಕೈ ಎದೆಗೆ ಒತ್ತಿಕೊಂಡು ಬಂದರು. ನೋಡಿದರು. ಮನೆಯೊಳಗೆ ಹೋಗಿ, ಪೆಟ್ಟಿಗೆಯ ಕೆಂಡ ಸುರಿದು, ಅದನ್ನು ತಮ್ಮ ಮೂಲೆಗೆ ಒಯ್ದಿಟ್ಟು ಹೊರಗೆ ಬಂದು, "ನಾಳೆಯಿಂದ ಬಂಡೆ," ಅಂದರು.

ಅಷ್ಟರಲ್ಲಿ ಸಾಹೇಬರ ಜೀಪು ಬಂತು. ಅವರದು ಹಿಂದಿ ಮಾತು. ಉದ್ದಕ್ಕೆ ಏನೋ ಕೂಗಿದರು. ಹವಾಲ್ದಾರ ಅದನ್ನು ಚಿಕ್ಕದು ಮಾಡಿ ಹೇಳಿದ.

"ಇಸ್ತ್ರಿ ಹಾಕಿದ್ದು ಯಾರು ಅಂತಾವ್ರೆ."

ನನ್ನ ಗಂಡ ಆಕಾಶ ನೋಡಿದ. ಅತ್ತೆ ಉಳುಕಿದ ಕೈಯನ್ನೇ ಎತ್ತಿ ನನ್ನನ್ನು ತೋರಿಸಿದರು.

"ನಾನೇ," ಅಂದೆ. "ಮಡಚು ಅಂದ್ರು, ಮಡಚಿದೆ. ಬಿಚ್ಕೊಳ್ಳೋ ಹಂಗೆ ಮಡಚು ಅಂತ ಯಾರೂ ಹೇಳ್ಲಿಲ್ಲ."

"ಸಿಪಾಯಿ ತೋಳು ಮಡಚಬಾರ್ದು ಅಂತ ಗೊತ್ತಿಲ್ವಾ ಅಂತಾವ್ರೆ."

ಹೇಗೂ ಪೆಟ್ಟಿಗೆ ಹೋಯಿತು, ಇನ್ನು ಹೆದರಿ ಏನು ಮಾಡೋದು ಅನ್ನಿಸಿತು.

"ಹೋದ ಸಾಹೇಬ್ರು ಏರ್ಸು ಅಂದ್ರು, ಬಂದ ಸಾಹೇಬ್ರು ಇಳ್ಸು ಅಂತಾರೆ. ಮೊದ್ಲು ನೀವು ನೀವು ಒಂದು ಮಾತಿಗೆ ಬನ್ನಿ ಅಂತ ಹೇಳಿ. ನಾನು ನೀರಿಗೆ ಇಳಿಯುವಾಗ ರವಿಕೆ ತೋಳು ಏರಿಸ್ತೀನಿ, ಮೇಲಕ್ಕೆ ಬಂದು ಇಳಿಸ್ಕೊತೀನಿ. ಅದಕ್ಕೆ ಯಾರನ್ನಾದ್ರೂ ಕೇಳ್ತೀನಾ? ಇಷ್ಟು ದೊಡ್ಡ ಗಂಡಸ್ರು, ತೋಳು ಅವರದು, ಚಳಿ ಅವರದು."

ಹವಾಲ್ದಾರ ಬೆವರು ಒರೆಸಿಕೊಂಡು ಏನೋ ಎರಡು ಮಾತು ಹೇಳಿದ. ನಾನಂದದ್ದನ್ನೇ ಹೇಳಿದನೋ ಇಲ್ಲವೋ ದೇವರಿಗೇ ಗೊತ್ತು. ಸಾಹೇಬರು ಅವನ ತೋಳು ನೋಡಿದರು. ಎಲ್ಲರನ್ನೂ ನೆನೆಸುವ ಗಡಿಬಿಡಿಯಲ್ಲಿ ಅವನೇ ನೆನೆದಿರಲಿಲ್ಲ. ಕೈಯಲ್ಲಿದ್ದ ಕೋಲಿನಿಂದ ಅದನ್ನು ಬಡಿದರು. ಟಕ್ ಟಕ್ ಅಂತು. ಆಮೇಲೆ ತಮ್ಮ ಕಾಲರು ಮುಟ್ಟಿ ನೋಡಿಕೊಂಡರು. ಅದು ಬಾಡಿದ ಬಾಳೆ ಎಲೆಯ ಹಾಗೆ ಬಿದ್ದಿತ್ತು. ಜೀಪು ಹತ್ತಿ ಹೊರಟುಹೋದರು.

ಸಂಜೆ ಹವಾಲ್ದಾರ ಒಂದು ಗಂಟು ಹೊತ್ತು ಬಂದ. ಅವನ ತೋಳು ಇಳಿದಿತ್ತು.

"ಅಮ್ಮಾ, ಇನ್ಮೇಲೆ ಎಲ್ರುದೂ ತೋಳು ಇಳಿಸೇ ಇಸ್ತ್ರಿ. ಅದು ಹುಕುಂ," ಅಂದ ಅತ್ತೆಗೆ. ಆಮೇಲೆ ಗಂಟು ಬಿಚ್ಚಿದ. "ಇವು ಸಾಹೇಬ್ರ ಅಂಗಿ. ಕಾಲರಿಗೂ ಮುಂಗೈ ಪಟ್ಟಿಗೂ ಅದೇ ಗಂಜಿ ಬೇಕಂತೆ. ಬಡಿದ್ರೆ ಸದ್ದು ಬರಬೇಕಂತೆ. ಆ ಹುಡುಗೀನೇ ಹಾಕ್ಬೇಕು ಅಂದವ್ರೆ."

ಅತ್ತೆ ಅಂಗಿ ನೋಡಿದರು, ನನ್ನನ್ನು ನೋಡಿದರು. ಎದ್ದು ಮೂಲೆಗೆ ಹೋಗಿ ಪೆಟ್ಟಿಗೆಯನ್ನು ಎಡಗೈಯಿಂದ ನನ್ನ ಕಡೆ ತಳ್ಳಿದರು.

"ಕೈ ವಾಸಿ ಆಗೋಗಂಟನಾ ಅತ್ತೆ?" ಅಂದೆ.

"ಮುಚ್ಚೇ ಬಾಯಿ," ಅಂದರು.

ಅವರ ಕೈ ತಿಂಗಳಲ್ಲಿ ವಾಸಿಯಾಯಿತು. ಪೆಟ್ಟಿಗೆ ಕೇಳಲಿಲ್ಲ, ನಾನೂ ಕೊಡಲಿಲ್ಲ.

ಹವಾಲ್ದಾರ ಬಂದುಹೋದ ಮರುದಿನ ಬೆಳಗ್ಗೆ ನನ್ನ ಗಂಡ ಗೊಣಗುತ್ತಾ ಬಂಡೆಗೆ ಹೋದ. ನಾನು ತೆಂಗಿನ ಚಿಪ್ಪಿನ ಇದ್ದಿಲು ಹೊತ್ತಿಸಿ, ಪೆಟ್ಟಿಗೆಗೆ ತುಂಬಿ, ಮೊದಲು ಎರಡೂ ಪಾದ ಅದರ ಹತ್ತಿರ ಇಟ್ಟು ಬೆಚ್ಚಗೆ ಮಾಡಿಕೊಂಡೆ. ಆಮೇಲೆ ರವಿಕೆಯ ತೋಳು ಮೇಲಕ್ಕೆ ಏರಿಸಿ, ಸಾಹೇಬರ ಅಂಗಿಯ ತೋಳು ಉದ್ದಕ್ಕೆ ಇಳಿಸಿ ಇಸ್ತ್ರಿ ಹಾಕಿದೆ.